ದಿಬ್ಬದ ಮೇಲೆ ನಿಲ್ಲುತ್ತಿದ್ದ ಟ್ರ್ಯಾಕ್ಟರ್

ನಮ್ಮ ಮನೆಯ ಹಿಂದೆ ಉಪಕಾಲುವೆಯ ಏರಿಗೆ ಹತ್ತುವ ಒಂದು ಮಣ್ಣಿನ ದಾರಿಯಿದೆ. ಹೆಚ್ಚುಕಡಿಮೆ ಮೂರು ವರ್ಷ ನಮ್ಮ ಹಳೆಯ ಟ್ರ್ಯಾಕ್ಟರು ರಾತ್ರಿ ನಿಲ್ಲುತ್ತಿದ್ದುದು ಆ ದಾರಿಯ ಮೇಲೆಯೇ. ಮೂತಿ ಇಳಿಜಾರಿನ ಕಡೆಗೆ, ಗಾಲಿಗಳ ಮುಂದೆ ಒಂದೊಂದು ಕಲ್ಲು. ಮುಂಜಾನೆ ಅಪ್ಪ ಸೀಟಿನ ಮೇಲೆ ಕುಳಿತು, ಕ್ಲಚ್ ತುಳಿದು, ಮೇಲಿನ ಗೇರಿಗೆ ಹಾಕಿಕೊಂಡು “ತೆಗಿ” ಎನ್ನುತ್ತಿದ್ದರು. ನಾನು ಕಲ್ಲು ಎಳೆದು ಪಕ್ಕಕ್ಕೆ ಸರಿಯುತ್ತಿದ್ದೆ. ಗಾಡಿ ಹತ್ತು ಮಾರು ಉರುಳಿದ ಮೇಲೆ ಅವರು ಕ್ಲಚ್ ಬಿಡುತ್ತಿದ್ದರು, ಇಂಜಿನ್ನು ಎರಡು ಸಲ ಕೆಮ್ಮಿ ಹೊತ್ತಿಕೊಳ್ಳುತ್ತಿತ್ತು. “ಗಾಡಿ ದಿಬ್ಬದ ಮ್ಯಾಲ ನಿಂದ್ರಸು, ಮುಂಜಾಲಿ ದಬ್ಬಾಕ ಮಂದಿ ಸಿಗಂಗಿಲ್ಲ” ಎಂಬುದು ನಮ್ಮ ಮನೆಯಲ್ಲಿ ದಿನವೂ ಸಂಜೆ ಕೇಳಿಬರುವ ಮಾತಾಗಿತ್ತು. ಆಡಿ ಆಡಿ ಅದು ದೂರು ಎನಿಸುತ್ತಲೂ ಇರಲಿಲ್ಲ, ದನಗಳಿಗೆ ಮೇವು ಹಾಕು ಎನ್ನುವಂತೆ ಒಂದು ಕೆಲಸವಾಗಿಬಿಟ್ಟಿತ್ತು.

ಸಿಂಧನೂರು ಸೀಮೆಯ ಹಳ್ಳಿಗಳಲ್ಲಿ ಸಂಜೆ ಒಂದು ಸುತ್ತು ಹಾಕಿದರೆ ಹೀಗೆ ದಿಬ್ಬ ಹುಡುಕಿಕೊಂಡು ನಿಂತ ಟ್ರ್ಯಾಕ್ಟರುಗಳು ಇಂದಿಗೂ ಕಾಣುತ್ತವೆ. ಹಳೆಯ ಡೀಸೆಲ್ ಇಂಜಿನ್ನಿನ ಒಂದು ಗುಣ ಇದಕ್ಕೆ ಕಾರಣ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಡೀಸೆಲ್ಲು ಒತ್ತಡದ ಬಿಸಿಗೇ ಉರಿಯುತ್ತದೆ; ಡೀಸೆಲ್ ಕೊಡುವ ಪಂಪು ಇಂಜಿನ್ನಿನ ಗೇರಿನಿಂದಲೇ ತಿರುಗುತ್ತದೆ; ನಿಲ್ಲಿಸುವುದಕ್ಕೂ ಒಂದು ತಂತಿ ಎಳೆದರೆ ಸಾಕು. ಹಾಗಾಗಿ ಒಮ್ಮೆ ಚಾಲೂ ಆದರೆ ಬ್ಯಾಟರಿಯನ್ನು ಕೇಳುವವರೇ ಇಲ್ಲ. ಚಾರ್ಜಿಂಗ್ ಕೆಟ್ಟಿದ್ದರೂ ಉಳುಮೆ ನಿಲ್ಲುವುದಿಲ್ಲ, ಬಾಡಿಗೆ ತಪ್ಪುವುದಿಲ್ಲ, ಆದ್ದರಿಂದ ದುರಸ್ತಿ ಮುಂದಿನ ವಾರಕ್ಕೆ, ಮುಂದಿನ ಸುಗ್ಗಿಗೆ ಹೋಗುತ್ತಲೇ ಇರುತ್ತದೆ. ನಮ್ಮಲ್ಲಿಯೂ ಹಾಗೆಯೇ ಆಯಿತು. ಆ ಮೂರು ವರ್ಷಗಳಲ್ಲಿ ನಾವು ಏಳು ಸಾವಿರ ಚಿಲ್ಲರೆ ಕೊಟ್ಟು ಎರಡು ಬಾರಿ ಹೊಸ ಬ್ಯಾಟರಿ ಹಾಕಿಸಿದೆವು. ಎರಡು ಸಲವೂ ಒಂದು ತಿಂಗಳು ಸೆಲ್ಫ್, ಅಂದರೆ ಬ್ಯಾಟರಿಯ ಕರೆಂಟಿನಿಂದ ಇಂಜಿನ್ನನ್ನು ತಿರುಗಿಸಿ ಚಾಲೂ ಮಾಡುವ ಮೋಟಾರು, ಗರ್ ಎಂದು ಹೊಡೆಯಿತು. ಆಮೇಲೆ ಮೆಲ್ಲಗೆ ದನಿ ಇಳಿದು, ಮತ್ತೆ ದಿಬ್ಬ.

ಟ್ರ್ಯಾಕ್ಟರಿನ ಪೂರ್ವಾಪರವನ್ನು ಸ್ವಲ್ಪ ಹೇಳಬೇಕು, ಏಕೆಂದರೆ ತಪ್ಪು ಅಡಗಿದ್ದುದು ಅಲ್ಲಿಯೇ. ಅದು 1987ರ ಗಾಡಿ. ಅಪ್ಪ ಅದನ್ನು 1996ರಲ್ಲಿ ಕೈಬದಲಾದ ಗಾಡಿಯಾಗಿ ಕೊಂಡರು. ಆಗ ಅದರಲ್ಲಿ ಇದ್ದುದು ಡೈನಮೊ, ಇಂಜಿನ್ನಿನ ಜೊತೆ ತಿರುಗುತ್ತಾ ಕರೆಂಟು ಹುಟ್ಟಿಸಿ ಬ್ಯಾಟರಿಗೆ ತುಂಬುವ ಯಂತ್ರ. ಅದರ ಹೊಟ್ಟೆಯ ಮೇಲಿನ ತಗಡಿನಲ್ಲಿ 12 ವೋಲ್ಟ್, 11 ಆಂಪಿಯರ್ ಎಂದು ಕೆತ್ತಿದ್ದುದು ನನಗೆ ಚಿಕ್ಕಂದಿನಿಂದ ಬಾಯಿಪಾಠ. ಪಕ್ಕದಲ್ಲಿ ಕಟೌಟ್ ಎಂದು ಎಲ್ಲರೂ ಕರೆಯುವ ಒಂದು ಕಪ್ಪು ಡಬ್ಬಿ. ಡೈನಮೊ ನಿಧಾನವಾಗಿ ತಿರುಗುವಾಗ ಹುಟ್ಟಿಸುವ ವೋಲ್ಟೇಜು ಬ್ಯಾಟರಿಯದಕ್ಕಿಂತ ಕಡಿಮೆ. ಆಗ ತಂತಿ ಕೂಡಿದ್ದರೆ ಕರೆಂಟು ಬ್ಯಾಟರಿಯಿಂದ ಡೈನಮೊ ಕಡೆಗೇ ಹಿಂದಕ್ಕೆ ಹರಿಯುತ್ತದೆ. ಹಾಗಾಗದಂತೆ ಕಟೌಟಿನೊಳಗಿನ ಪಾಯಿಂಟುಗಳು ತೆರೆದುಕೊಂಡಿರುತ್ತವೆ; ಇಂಜಿನ್ನಿಗೆ ರೇಸ್ ಕೊಟ್ಟು ವೋಲ್ಟೇಜು 13ರ ಸುತ್ತಮುತ್ತ ಏರಿದಾಗ ಮುಚ್ಚಿಕೊಳ್ಳುತ್ತವೆ. ಅಪ್ಪ ಇದನ್ನು ಯಾವ ಪುಸ್ತಕದಲ್ಲಿಯೂ ಓದಿದವರಲ್ಲ. ಡ್ಯಾಶ್‌ಬೋರ್ಡಿನ ಆಂಪಿಯರ್ ಮೀಟರಿನ ಮುಳ್ಳು ರೇಸ್ ಕೊಟ್ಟಾಗ ಬಲಕ್ಕೆ ಸರಿಯುವುದನ್ನೂ ಸ್ಲೋ ಮಾಡಿದಾಗ ನಡುವಿಗೆ ಬಂದು ನಿಲ್ಲುವುದನ್ನೂ ನೋಡಿ ನೋಡಿ ಅವರು ಕಲಿತ ಮಾತು ಒಂದೇ: “ಸ್ಲೋದಾಗ ಚಾರ್ಜ್ ಆಗಂಗಿಲ್ಲ, ರೇಸ್ ಕೊಡಬೇಕು.” ಆ ಡೈನಮೊ ಇರುವವರೆಗೆ ಅದು ಅಕ್ಷರಶಃ ನಿಜವಾದ ಮಾತು.

2009ರಲ್ಲಿ ಡೈನಮೊದ ಒಳಗಿನ ತಾಮ್ರದ ಪಟ್ಟಿಗಳು ಸವೆದುಹೋದವು. ಹೊಸ ಡೈನಮೊ ಹುಡುಕುವುದಕ್ಕಿಂತ ಅದೇ ಕೆಲಸ ಮಾಡುವ ಹೊಸ ಮಾದರಿಯ ಆಲ್ಟರ್ನೇಟರ್ ಕೂರಿಸುವುದೇ ಸುಲಭವೆಂದು ಪೇಟೆಯಲ್ಲಿ ಹೇಳಿದರು, ಕೂರಿಸಿಕೊಂಡು ಬಂದೆವು. 36 ಆಂಪಿಯರ್ ಕೊಡುವ ಯಂತ್ರ. ಅದಕ್ಕೆ ಕಟೌಟ್ ಬೇಕಿಲ್ಲ. ಒಳಗಿನ ಡಯೋಡುಗಳೇ ಕರೆಂಟು ಹಿಂದಕ್ಕೆ ಹರಿಯದಂತೆ ತಡೆಯುತ್ತವೆ. ಸರಿಯಾಗಿ ಜೋಡಿಸಿದ ಆಲ್ಟರ್ನೇಟರು ಇಂಜಿನ್ನು ಸ್ಲೋ ಇರುವಾಗಲೂ ಚಾರ್ಜ್ ಮಾಡುತ್ತದೆ. ನಮ್ಮ ಮನೆಯಲ್ಲಿ ಯಂತ್ರ ಬದಲಾಯಿತು, ಅದರ ಬಗೆಗಿನ ಮಾತು ಬದಲಾಗಲಿಲ್ಲ. ಅದನ್ನು ನಾವು ಡೈನಮೊ ಎಂದೇ ಕರೆಯುತ್ತಿದ್ದೆವು. ಮುಂದೆ ಅದು ಸ್ಲೋದಲ್ಲಿ ಚಾರ್ಜ್ ಮಾಡುವುದನ್ನು ಬಿಟ್ಟಾಗ, ಡೈನಮೊ ಎಂದರೆ ಹಾಗೆಯೇ ಎಂದುಕೊಂಡೆವು.

2024ರ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಕಲ್ಲು ಎಳೆದಾಗ ಗೇರು ಸರಿಯಾಗಿ ಕೂತಿರಲಿಲ್ಲ. ಗಾಡಿ ಇಂಜಿನ್ನಿನ ಹಿಡಿತವಿಲ್ಲದೆ ಉರುಳಿ, ಅಪ್ಪ ಎರಡೂ ಬ್ರೇಕುಗಳ ಮೇಲೆ ನಿಂತುಬಿಟ್ಟಾಗ ಕಾಲುವೆಯ ಕಡೆಗೆ ವಾಲಿಕೊಂಡು ನಿಂತಿತು. ಅಪ್ಪನಿಗೆ ಆಗ ಅರವತ್ತೆಂಟು. ಕಾಲುವೆಯಲ್ಲಿ ನೀರಿರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೆ ಆ ದಿನವೇ ನಾನು ಪೇಟೆಗೆ ಹೋಗಿ ವೋಲ್ಟೇಜು ಅಳೆಯುವ ಒಂದು ಡಿಜಿಟಲ್ ಮಲ್ಟಿಮೀಟರನ್ನೂ ಬ್ಯಾಟರಿ ನೀರಿನ ಸಾಂದ್ರತೆ ಅಳೆಯುವ ಒಂದು ಹೈಡ್ರೋಮೀಟರನ್ನೂ ಕೊಂಡು ತಂದೆ. ಎರಡೂ ಸೇರಿ ಒಂದು ಬ್ಯಾಟರಿಯ ಬೆಲೆಯಲ್ಲಿ ಹತ್ತನೆಯ ಒಂದು ಭಾಗವೂ ಆಗಲಿಲ್ಲ. ಅಳೆಯದೆ ಏನನ್ನೂ ಬದಲಿಸಬಾರದು ಎಂದು ಅಂದು ನಿಶ್ಚಯಿಸಿದೆ.

ಮೊದಲು ಬ್ಯಾಟರಿ. ರಾತ್ರಿಯೆಲ್ಲ ಸುಮ್ಮನೆ ನಿಂತ ಗಾಡಿಯಲ್ಲಿ ಬೆಳಗಿನ ಹೊತ್ತು ಅಳೆಯಬೇಕು. ಓಡಿಸಿ ನಿಲ್ಲಿಸಿದ ತಕ್ಷಣ ಅಳೆದರೆ ಬ್ಯಾಟರಿ ತನ್ನಲ್ಲಿ ಇಲ್ಲದ ಚಾರ್ಜನ್ನು ತೋರಿಸುತ್ತದೆ. ಒಳ್ಳೆಯ ಬ್ಯಾಟರಿ ತುಂಬಿದಾಗ 12.6ರಿಂದ 12.7 ವೋಲ್ಟ್ ಇರುತ್ತದೆ. 12.2ಕ್ಕೆ ಬಂತೆಂದರೆ ಅರ್ಧ ಖಾಲಿ, 11.9 ಎಂದರೆ ಬಹುಮಟ್ಟಿಗೆ ಪೂರ್ತಿ ಖಾಲಿ. ಅಂಕಿಗಳ ನಡುವಿನ ಅಂತರ ಇಷ್ಟು ಕಡಿಮೆಯಿರುವುದರಿಂದಲೇ, ದೀಪ ಹತ್ತುತ್ತದೆ, ಹಾರ್ನ್ ಕೂಗುತ್ತದೆ, ಆದ್ದರಿಂದ ಬ್ಯಾಟರಿ ಸರಿಯಿದೆ ಎಂಬ ಲೆಕ್ಕ ಸುಳ್ಳಾಗುತ್ತದೆ. ದೀಪಕ್ಕೆ ನಾಲ್ಕೈದು ಆಂಪಿಯರ್ ಸಾಕು. ಡೀಸೆಲ್ ಇಂಜಿನ್ನನ್ನು ತಿರುಗಿಸುವ ಸೆಲ್ಫಿಗೆ ಇನ್ನೂರು, ಮುನ್ನೂರು ಬೇಕು. ನಮ್ಮದು 12.14 ತೋರಿಸಿತು.

ಆಮೇಲೆ ಆರು ಮುಚ್ಚಳಗಳನ್ನೂ ಬಿಚ್ಚಿ ಹೈಡ್ರೋಮೀಟರಿನಿಂದ ಒಂದೊಂದೇ ಸೆಲ್ಲಿನ ನೀರನ್ನು ಎಳೆದು ನೋಡಿದೆ. ಗಾಜಿನ ಕೊಳವೆಯೊಳಗೆ ತೇಲುವ ಕಡ್ಡಿ ಮೇಲೆದ್ದರೆ ಆಮ್ಲ ಗಟ್ಟಿ, ಅಂದರೆ ಚಾರ್ಜ್ ಇದೆ, ಮುಳುಗಿದರೆ ತೆಳು. ಹೊಸ ಬ್ಯಾಟರಿ ತುಂಬಿದಾಗ 1.250ರ ಆಸುಪಾಸು ಇರಬೇಕು. ಬಿಸಿಲಿನ ಸೀಮೆಗಳಿಗೆ ಆಮ್ಲವನ್ನು ಚಳಿ ದೇಶದವರಿಗಿಂತ ತುಸು ತೆಳುವಾಗಿ ತುಂಬುವ ರೂಢಿಯಿದೆ. ನಮ್ಮ ಆರೂ ಸೆಲ್ಲುಗಳು 1.180 ಮತ್ತು 1.190ರ ನಡುವೆ ನಿಂತವು. ಆರೂ! ಬ್ಯಾಟರಿಯೇ ಕೆಟ್ಟಿದ್ದರೆ ಸಾಮಾನ್ಯವಾಗಿ ಒಂದು ಸೆಲ್ಲು ಉಳಿದವುಗಳಿಂದ 50 ಅಂಶದಷ್ಟು, ಅಂದರೆ 1.230ರ ನಡುವೆ ಒಂದು 1.180ರಂತೆ, ಬೇರೆಯಾಗಿ ಬಿದ್ದಿರುತ್ತದೆ. ಎಲ್ಲ ಸೆಲ್ಲುಗಳೂ ಒಂದೇ ಸಮನೆ ಇಳಿದಿವೆ ಎಂದರೆ ಬ್ಯಾಟರಿ ಹಸಿದಿದೆ ಎಂದೇ ಅರ್ಥ, ಸತ್ತಿದೆ ಎಂದಲ್ಲ. ಆ ಕ್ಷಣದಲ್ಲಿ ನನಗೆ ಮೊದಲು ನೆನಪಾದದ್ದು ಹಳೆಯದಕ್ಕೆ ಇಷ್ಟು ಕಳೆದು ಹೊಸದು ಕೊಡಿ ಎಂದು ನಾವು ಅಂಗಡಿಯಲ್ಲಿ ಬಿಟ್ಟುಬಂದ ಎರಡು ಬ್ಯಾಟರಿಗಳು. ಅವೂ ಹಸಿದಿದ್ದವೇ ಇರಬೇಕು.

ಅದೇ ಹೊತ್ತಿನಲ್ಲಿ ಸೆಲ್ಫ್ ಹೊಡೆದು ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆದೆ. ಸೆಲ್ಫ್ ನರಳುತ್ತಾ ಅರ್ಧ ಸುತ್ತು ತಿರುಗಿ ನಿಂತಿತು, ಮೀಟರು ಮಾತ್ರ 10.6 ತೋರಿಸುತ್ತಿತ್ತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯದಿದ್ದರೆ ಬ್ಯಾಟರಿ ಪರವಾಗಿಲ್ಲ ಎನ್ನುವುದು ವಾಡಿಕೆ. ಸೆಲ್ಫ್ ಅಷ್ಟು ಕಷ್ಟಪಡುತ್ತಿದ್ದಾಗ ಬ್ಯಾಟರಿ ಇಷ್ಟು ನಿರಾಳವಾಗಿ ಇರುವುದು ಹೇಗೆ ಎಂದು ನಾನು ಆಗಲೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಒಂದು ವಾರ ತಡವಾಯಿತು.

ಬೆಲ್ಟಿನ ವಿಷಯ ಬೇಗ ಮುಗಿಯಿತು. ಹೆಬ್ಬೆರಳಿನಿಂದ ನಡುವೆ ಒತ್ತಿದರೆ ಒಂದು ಬೆರಳಿನ ದಪ್ಪದಷ್ಟು ಬಗ್ಗಬೇಕು, ಒಳಬದಿ ಗಾಜಿನಂತೆ ಹೊಳೆಯಬಾರದು, ಪುಲ್ಲಿಯ ತಳಕ್ಕೆ ಕೂರದೆ ಎರಡು ಪಕ್ಕಗಳನ್ನು ಹಿಡಿದಿರಬೇಕು. ಎಲ್ಲ ಸರಿಯಿತ್ತು.

ಇಂಜಿನ್ನು ಚಾಲೂ ಮಾಡಿದ ಮೇಲಿನ ಅಂಕಿಗಳು ನನ್ನನ್ನು ಬಹಳ ಹೊತ್ತು ಕೂರಿಸಿದವು. ಚಾರ್ಜಿಂಗ್ ನಡೆಯುತ್ತಿದ್ದರೆ ಬ್ಯಾಟರಿಯ ಮೇಲೆ 13.8ರಿಂದ 14.4 ಇರಬೇಕು. ಸ್ಲೋದಲ್ಲಿ 12.1 ಇತ್ತು, ನೋಡುತ್ತಿದ್ದಂತೆಯೇ 12.0ಕ್ಕೆ ಇಳಿಯಿತು. “ಹೇಳಿದ್ನಲ್ಲ, ರೇಸ್ ಕೊಡು” ಎಂದರು ಅಪ್ಪ. ಕೊಟ್ಟೆ. ಇಂಜಿನ್ನು ಚೀರುವ ಮಟ್ಟಕ್ಕೆ ಬಂದಾಗ ಮೀಟರು ಒಮ್ಮೆಗೇ 13.1ಕ್ಕೆ ಹಾರಿತು. ಅಪ್ಪನ ಮಾತು ನಿಜವಾಯಿತು ಎಂದುಕೊಂಡು ರೇಸ್ ಇಳಿಸಿದೆ. ಅಂಕಿ ಇಳಿಯಲಿಲ್ಲ. ಸ್ಲೋದಲ್ಲಿಯೂ 13ರ ಮೇಲೆಯೇ ನಿಂತಿತು. ಡೈನಮೊ ಆಗಿದ್ದರೆ ರೇಸ್ ಇಳಿದೊಡನೆ ಕಟೌಟು ಬಿಟ್ಟುಕೊಂಡು ಚಾರ್ಜ್ ನಿಲ್ಲಬೇಕಿತ್ತು. ಇಂಜಿನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದೆ, ಮತ್ತೆ 12.1. ಮತ್ತೆ ಚೀರಿಸಿದೆ, ಮತ್ತೆ ಹಾರಿತು, ಮತ್ತೆ ಇಳಿಯಲಿಲ್ಲ. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಅಪ್ಪ ಗಾಡಿಯ ಪಕ್ಕದಲ್ಲಿ ಬಂದು ಕುಕ್ಕರಗಾಲಲ್ಲಿ ಕುಳಿತು ಮೀಟರನ್ನು ತಮ್ಮ ಕೈಗೆ ತೆಗೆದುಕೊಂಡರು. “ಇದು ಎಚ್ಚರ ಆಗಾಕ ತಡ ಮಾಡಾಕತ್ತೈತಿ” ಎಂದರು. ನನಗಿಂತ ಚೆನ್ನಾಗಿ ಹೇಳಿದರು.

ಆಲ್ಟರ್ನೇಟರಿನ ಒಳಗೆ ಕಾಯಂ ಆಯಸ್ಕಾಂತ ಇರುವುದಿಲ್ಲ. ತಿರುಗುವ ಸುರುಳಿಗೆ ಮೊದಲು ಹೊರಗಿನಿಂದ ಸ್ವಲ್ಪ ಕರೆಂಟು ಕೊಟ್ಟು ಅದನ್ನು ಆಯಸ್ಕಾಂತ ಮಾಡಬೇಕು. ಒಮ್ಮೆ ಎದ್ದ ಮೇಲೆ ತನಗೆ ಬೇಕಾದ ಕರೆಂಟನ್ನು ಅದು ತಾನೇ ಹುಟ್ಟಿಸಿಕೊಳ್ಳುತ್ತದೆ. ಎಬ್ಬಿಸುವ ಆ ಮೊದಲ ಕರೆಂಟು ಬರುವುದು ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪದ ಮೂಲಕ. ಕೀ ತಿರುಗಿಸಿದಾಗ ಹತ್ತಿ, ಇಂಜಿನ್ನು ಚಾಲೂ ಆದ ಮೇಲೆ ಆರುವ ಆ ಚಿಕ್ಕ ಬಲ್ಬು ಬರೀ ಸೂಚನೆಗೆಂದು ಬಹಳ ಜನ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಅದು ಚಾರ್ಜಿಂಗಿನ ಒಂದು ಅಂಗ. ಬಲ್ಬು ಸುಟ್ಟರೆ ಆಲ್ಟರ್ನೇಟರಿಗೆ ಎಬ್ಬಿಸುವವರಿಲ್ಲ. ಕಬ್ಬಿಣದಲ್ಲಿ ಉಳಿದಿರುವ ಅಲ್ಪಸ್ವಲ್ಪ ಆಯಸ್ಕಾಂತದ ಬಲದಿಂದ, ಅತಿ ವೇಗದಲ್ಲಿ ತಿರುಗಿದಾಗ ಮಾತ್ರ ಅದು ತಾನಾಗಿ ಏಳುತ್ತದೆ.

ಆದರೆ ನಮ್ಮ ಕೆಂಪು ದೀಪ ಸುಟ್ಟಿರಲಿಲ್ಲ. ಕೀ ತಿರುಗಿಸಿದರೆ ಹೊಸ ಗಾಡಿಯದರಂತೆ ಪ್ರಖರವಾಗಿ ಹತ್ತುತ್ತಿತ್ತು. ಇಲ್ಲಿ ನನಗೆ ನೆರವಾದದ್ದು ಒಂದು ಸ್ಪ್ಯಾನರು. ಇಂಜಿನ್ನು ನಿಂತಿರುವಾಗ ಕೀ ಮಾತ್ರ ತಿರುಗಿಸಿ, ಆಲ್ಟರ್ನೇಟರಿನ ಹಿಂಬದಿಯ ಬೇರಿಂಗ್ ಇರುವ ಜಾಗಕ್ಕೆ ಸಣ್ಣ ಸ್ಪ್ಯಾನರನ್ನು ಹಿಡಿದರೆ, ಸುರುಳಿಗೆ ಕರೆಂಟು ಹೋಗುತ್ತಿದ್ದ ಪಕ್ಷದಲ್ಲಿ ಅದು ಸ್ಪ್ಯಾನರನ್ನು ಎಳೆದು ಹಿಡಿಯುತ್ತದೆ. ನಮ್ಮದು ಹಿಡಿಯಲಿಲ್ಲ. ಕೈ ಬಿಟ್ಟ ಕೂಡಲೇ ಸ್ಪ್ಯಾನರು ನೆಲಕ್ಕೆ ಬಿತ್ತು. ದೀಪ ಹತ್ತಿದೆ, ಅಂದರೆ ದಾರಿ ಕೂಡಿದೆ, ಆದರೂ ಕರೆಂಟಿಗೆ ಬಲವಿಲ್ಲ. ಡ್ಯಾಶ್‌ಬೋರ್ಡನ್ನು ಬಿಚ್ಚಿ ದೀಪವನ್ನು ಹೊರಗೆಳೆದಾಗ ಅದು ಎಲ್‌ಇಡಿ.

2021ರ ಆಯುಧ ಪೂಜೆಗೆ ನನ್ನ ತಮ್ಮ ಒಂದು ವಾರ ರಜೆ ಹಾಕಿ ಬಂದು ಟ್ರ್ಯಾಕ್ಟರನ್ನು ಹೊಸದರಂತೆ ಮಾಡಿದ್ದ. ತುಕ್ಕು ತೆಗೆದು, ಪ್ರೈಮರ್ ಬಳಿದು, ಎರಡು ಕೈ ಕೆಂಪು ಬಣ್ಣ ಹೊಡೆದಿದ್ದ. ಮಂಕಾಗಿದ್ದ ಡ್ಯಾಶ್‌ಬೋರ್ಡಿನ ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿದ್ದ. ಪೂಜೆಯ ದಿನ ಬಾಳೆಕಂಬ ಕಟ್ಟಿ, ಕುಂಬಳಕಾಯಿ ಒಡೆದು, ಊರ ಸುತ್ತ ಒಂದು ಸುತ್ತು ಹೊಡೆಸಿದಾಗ ಅಪ್ಪನ ಮುಖದಲ್ಲಿದ್ದ ಗೆಲುವು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಳೆಯ ಬಲ್ಬು ಎರಡು ವ್ಯಾಟಿನದು. ಅದರ ಮೂಲಕ ಸುಮಾರು 0.17 ಆಂಪಿಯರ್ ಹರಿಯುತ್ತಿತ್ತು. ಎಲ್‌ಇಡಿ ಅದರ ಹತ್ತನೆಯ ಒಂದು ಭಾಗದಲ್ಲಿಯೇ ಇನ್ನೂ ಹೆಚ್ಚು ಬೆಳಗುತ್ತದೆ. ದೀಪವಾಗಿ ಅದು ಮೇಲು. ಆಲ್ಟರ್ನೇಟರನ್ನು ಎಬ್ಬಿಸಲು ಆ ಕರೆಂಟು ಏನೂ ಸಾಲದು.

ಇಪ್ಪತ್ತು ರೂಪಾಯಿಯ ಹಳೇ ಮಾದರಿಯ ಬಲ್ಬನ್ನು ತಂದು ಹಾಕಿ, ಕೀ ತಿರುಗಿಸಿ, ಸ್ಪ್ಯಾನರ್ ಹಿಡಿದೆ. ಟಕ್ ಎಂದು ಅಂಟಿಕೊಂಡಿತು. ಅಪ್ಪ ಅದನ್ನು ಎರಡು ಸಲ ಕಿತ್ತು ಮತ್ತೆ ಅಂಟಿಸಿ ನೋಡಿದರು. ಎಲ್‌ಇಡಿಯೇ ಬೇಕು ಎನ್ನುವವರು ಅದಕ್ಕೆ ಸಮಾನಾಂತರವಾಗಿ 68 ಓಮ್, 5 ವ್ಯಾಟಿನ ಒಂದು ರೆಸಿಸ್ಟರನ್ನು ಜೋಡಿಸಿದರೂ ನಡೆಯುತ್ತದೆ. ನನಗೆ ಬಲ್ಬೇ ಸರಿಯೆನಿಸಿತು, ಸುಟ್ಟರೆ ಹಳ್ಳಿಯ ಅಂಗಡಿಯಲ್ಲಿಯೂ ಸಿಗುತ್ತದೆ.

ಇಷ್ಟಾದ ಮೇಲೆ ಇಂಜಿನ್ನು ಚಾಲೂ ಆದ ಕೂಡಲೇ ಚಾರ್ಜಿಂಗ್ ಶುರುವಾಗುತ್ತಿತ್ತು. ಆದರೆ ಅಂಕಿ ಅದೇ 13.1. ಸ್ಲೋದಲ್ಲಿಯೂ 13.1, ರೇಸಿನಲ್ಲಿಯೂ 13.1. ಹಸಿದ ಬ್ಯಾಟರಿಗೆ ಅದು ಅರೆಹೊಟ್ಟೆ ಊಟ. ಮೇಲಾಗಿ ರಾತ್ರಿ ಗದ್ದೆಯಲ್ಲಿ ದೀಪ ಹಾಕಿಕೊಂಡು ಕೆಲಸ ಮಾಡಿದರೆ ಅದೂ ಸಿಗದು. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಭಾಗ. ನೀರು ಬಂದಾಗಲೇ ಕೆಸರು ಮಾಡಿಕೊಳ್ಳಬೇಕು, ಅದು ರಾತ್ರಿ ಎರಡು ಗಂಟೆಗೆ ಬಂದರೆ ಆಗಲೇ ಕೇಜ್ ವೀಲ್, ಅಂದರೆ ಕೆಸರಿಗೆಂದೇ ಇರುವ ಕಬ್ಬಿಣದ ಗಾಲಿ, ಕಟ್ಟಿಕೊಂಡು ಇಳಿಯಬೇಕು. ಆ ದಿನಗಳಲ್ಲಿ ದೀಪಗಳು ಎಂಟು ಗಂಟೆ ಒಂದೇ ಸಮನೆ ಉರಿಯುತ್ತವೆ.

ಈ ಹಂತದಲ್ಲಿ ಪೇಟೆಯಲ್ಲಿ ಸಿಕ್ಕ ಸಲಹೆ ಆಲ್ಟರ್ನೇಟರನ್ನೇ ಬದಲಿಸು ಎಂಬುದು. ಇನ್ನೊಬ್ಬರು, ಇಂಜಿನ್ನು ಚಾಲೂ ಇರುವಾಗ ಬ್ಯಾಟರಿಯ ಒಂದು ಕೇಬಲ್ ತೆಗೆದು ನೋಡು, ಗಾಡಿಯ ದೀಪ ಆರದಿದ್ದರೆ ಡೈನಮೊ ಸರಿಯಿದೆ ಎಂದರು. ಡೈನಮೊ ಕಾಲದಿಂದ ಬಂದಿರುವ ಈ ಪರೀಕ್ಷೆಯನ್ನು ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ದಯವಿಟ್ಟು ಯಾರೂ ಮಾಡಬೇಡಿ. ಬ್ಯಾಟರಿ ತಪ್ಪಿದ ಕ್ಷಣದಲ್ಲಿ ಆಲ್ಟರ್ನೇಟರಿನ ವೋಲ್ಟೇಜು ಹತ್ತಾರು ವೋಲ್ಟಿನವರೆಗೆ ಚಿಮ್ಮುತ್ತದೆ. ಒಳಗಿನ ಡಯೋಡುಗಳೂ ವೋಲ್ಟೇಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರೂ ಸುಡಬಹುದು. ಸರಿಯಿದ್ದ ಯಂತ್ರ ಪರೀಕ್ಷೆಯಲ್ಲಿಯೇ ಕೆಡಬಹುದು.

ನಾನು ಆಲ್ಟರ್ನೇಟರಿನ ದಪ್ಪ ತಂತಿಯ ಬೋಲ್ಟಿಗೂ ಅದರ ಮೈಗೂ ಮೀಟರ್ ಹಿಡಿದೆ. 14.2! ಯಂತ್ರ ಸರಿಯಾಗಿಯೇ ದುಡಿಯುತ್ತಿದೆ, ಆದರೆ ದುಡಿದದ್ದು ಮನೆಗೆ ಮುಟ್ಟುತ್ತಿಲ್ಲ. 14.2ರಲ್ಲಿ 13.1 ಕಳೆದರೆ 1.1 ವೋಲ್ಟು ದಾರಿಯಲ್ಲಿ ಎಲ್ಲಿಯೋ ಸೋರುತ್ತಿದೆ. ಇದನ್ನು ಹುಡುಕುವ ರೀತಿ ನನಗೆ ಬಹಳ ಹಿಡಿಸಿತು, ಏಕೆಂದರೆ ಹೊಲದ ಕಾಲುವೆಯಲ್ಲಿ ನೀರು ಎಲ್ಲಿ ಒಡೆದಿದೆ ಎಂದು ತೂಬಿನಿಂದ ತೂಬಿಗೆ ನಡೆದು ನೋಡುವ ಹಾಗೆಯೇ ಅದೂ. ಇಂಜಿನ್ನು ಓಡುತ್ತಿರುವಾಗ, ದೀಪಗಳನ್ನೆಲ್ಲ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ಬೋಲ್ಟಿಗೂ ಇನ್ನೊಂದನ್ನು ಬ್ಯಾಟರಿಯ ಪಾಸಿಟಿವ್ ತುದಿಗೂ ಮುಟ್ಟಿಸಿದರೆ ಆ ತಂತಿಯೊಂದರಲ್ಲಿಯೇ ಎಷ್ಟು ಸೋರುತ್ತಿದೆ ಎಂಬುದು ತಿಳಿಯುತ್ತದೆ. 0.2 ಬಂತು, ಅಷ್ಟು ಇದ್ದರೆ ಚಿಂತೆಯಿಲ್ಲ. ಉಳಿದದ್ದು ಗಾಡಿಯ ಲೋಹದ ಮೈಯ ಮೂಲಕ ಕರೆಂಟು ಬ್ಯಾಟರಿಗೆ ಹಿಂತಿರುಗುವ ದಾರಿ, ಅರ್ಥ್. ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಆಲ್ಟರ್ನೇಟರಿನ ಬರಿಯ ಲೋಹದ ಮೈಗೆ: 0.9. ಅದೇ ಕಡ್ಡಿಯನ್ನು ಇಂಜಿನ್ ಬ್ಲಾಕಿನ ಮೇಲೆ ಇಟ್ಟುಕೊಂಡು ಸೆಲ್ಫ್ ಹೊಡೆಸಿದಾಗ 2.3. ಬ್ಯಾಟರಿಯಿಂದ ಹೊರಟ ವೋಲ್ಟೇಜಿನಲ್ಲಿ ಎರಡು ಕಾಲು ವೋಲ್ಟು ಸೆಲ್ಫನ್ನು ಮುಟ್ಟುವ ಬದಲು ಒಂದು ಅರ್ಥ್ ಪಟ್ಟಿಯ ಬುಡದಲ್ಲಿ ಬಿಸಿಯಾಗಿ ಹೋಗುತ್ತಿತ್ತು. ಮೊದಲ ದಿನ ಸೆಲ್ಫ್ ನರಳುವಾಗ ಬ್ಯಾಟರಿ ನಿರಾಳವಾಗಿದ್ದುದರ ಅರ್ಥ ಆಗ ಹೊಳೆಯಿತು.

ಬ್ಯಾಟರಿಯ ತಟ್ಟೆಯ ಕೆಳಗೆ ಆ ಹೆಣೆದ ತಾಮ್ರದ ಪಟ್ಟಿ ಮೈಗೆ ಸೇರುವ ಬೋಲ್ಟು ಬಿಗಿಯಾಗಿಯೇ ಇತ್ತು. ಅದಕ್ಕೇ ಮೂರು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ನೆಗೆಟಿವ್ ಕೇಬಲ್ಲನ್ನು ಮೊದಲು ಬ್ಯಾಟರಿಯಿಂದ ಕಳಚಿ, ಆಮೇಲೆ ಬೋಲ್ಟು ಬಿಚ್ಚಿ ಪಟ್ಟಿಯನ್ನು ಎತ್ತಿದೆ. ಅದರ ಅಡಿಯಲ್ಲಿ ಕಬ್ಬಿಣ ಕಾಣಲಿಲ್ಲ. ನುಣ್ಣಗೆ, ಹೊಳೆಹೊಳೆಯುವ ಕೆಂಪು ಬಣ್ಣ ಕಂಡಿತು. ಕೆಳಗೆ ಪ್ರೈಮರು, ಅದರ ಮೇಲೆ ಎರಡು ಕೈ. ತಮ್ಮ ಪಟ್ಟಿಯನ್ನು ಬಿಚ್ಚಿ, ಎಲ್ಲ ಕಡೆ ಬಣ್ಣ ಹೊಡೆದು, ಅದು ಒಣಗಿದ ಮೇಲೆ ಶ್ರದ್ಧೆಯಿಂದ ಮತ್ತೆ ಬಿಗಿದಿದ್ದ. ಬೋಲ್ಟಿನ ಎಳೆಗಳ ಮೂಲಕ ಒಂದಿಷ್ಟು ಕರೆಂಟು ಹೇಗೋ ದಾಟುತ್ತಿತ್ತು. ಉಪ್ಪುಕಾಗದದಿಂದ ಒಂದು ರೂಪಾಯಿ ನಾಣ್ಯದಗಲ ಉಜ್ಜಿದೆ. ಕೆಂಪು ಹೋಯಿತು, ಬೂದು ಪ್ರೈಮರು ಹೋಯಿತು, ಕೊನೆಗೆ ಬೆಳ್ಳಗಿನ ಕಬ್ಬಿಣ ಎದ್ದು ಬಂತು. ಪಟ್ಟಿಯ ತುದಿಯನ್ನೂ ಉಜ್ಜಿ, ಹಲ್ಲಿರುವ ವಾಷರ್ ಕೊಟ್ಟು ಬಿಗಿದು, ಬಿಗಿದ ಮೇಲೆ ತುಕ್ಕು ಹಿಡಿಯದಂತೆ ಹೊರಗಿನಿಂದ ಗ್ರೀಸು ಹಚ್ಚಿದೆ. ಸೆಲ್ಫ್ ಹೊಡೆದಾಗ ಅರ್ಥಿನಲ್ಲಿ ಸೋರುವುದು 2.3ರಿಂದ 0.15ಕ್ಕೆ ಇಳಿಯಿತು. ದೀಪಗಳೆಲ್ಲ ಉರಿಯುತ್ತಿದ್ದಾಗ ಬ್ಯಾಟರಿಯ ಮೇಲೆ 14.0.

ತಮ್ಮನಿಗೆ ಫೋನ್ ಮಾಡಿ ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಣ್ಣಾ, ನಾನ ಕೆಡಿಸಿದ್ನೇನು ಹಂಗಾದ್ರ” ಎಂದ. ಇಲ್ಲ ಎಂದೆ. ಮನಸಾರೆಯೇ ಹೇಳಿದೆ. ತುಕ್ಕಿಗೆ ಬಿಟ್ಟಿದ್ದರೆ ಆ ಗಾಡಿಯ ಮಡ್‌ಗಾರ್ಡು ಇಷ್ಟು ಹೊತ್ತಿಗೆ ಉದುರಿಹೋಗಿರುತ್ತಿತ್ತು. ಮೂರು ವರ್ಷ ಅಳೆದು ನೋಡದೆ ಇದ್ದವರು ಮನೆಯಲ್ಲಿಯೇ ಇದ್ದ ನಾವು.

ಬ್ಯಾಟರಿಯನ್ನು ಅಂಗಡಿಗೆ ಒಯ್ದು ನಿಧಾನದ ಚಾರ್ಜಿಗೆ ಹಾಕಿಸಿದೆ. 80 ಆಂಪಿಯರ್-ಗಂಟೆಯ ಬ್ಯಾಟರಿಗೆ ಐದು ಆಂಪಿಯರಿನಂತೆ ಹದಿನೈದು ಗಂಟೆಗೂ ಮೇಲೆ ಬೇಕು. ಎರಡು ತಾಸಿನಲ್ಲಿ ಮಾಡಿಕೊಡುವ ಬಿರುಸಿನ ಚಾರ್ಜು ತಗಡುಗಳ ಮೇಲ್ಮೈಯನ್ನಷ್ಟೇ ಮುಟ್ಟುತ್ತದೆ; ಮೀಟರಿನಲ್ಲಿ 12.7 ಕಂಡು ಸಂತೋಷಪಟ್ಟು ಮನೆಗೆ ಬಂದರೆ ಮರುದಿನ 12.3 ಇರುತ್ತದೆ. ನಿಧಾನದ ಚಾರ್ಜಿನ ಮೇಲೆ ಐದು ಸೆಲ್ಲುಗಳು 1.245ಕ್ಕೆ ಏರಿದವು, ಒಂದು 1.215ರಲ್ಲಿಯೇ ಉಳಿಯಿತು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಇಟ್ಟ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಕರಗುವುದಿಲ್ಲ. ಆ ಒಂದು ಸೆಲ್ಲು ನಮ್ಮ ತಡಕ್ಕೆ ತೆತ್ತ ಬೆಲೆ.

ನೀರಿನ ಬಗ್ಗೆ ಒಂದು ಮಾತು ಹೇಳದೆ ಇರಲಾರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು ಸೀಮೆಯ ಬಿಸಿಲು 40 ಡಿಗ್ರಿ ದಾಟಿರುವಾಗ, ಇಂಜಿನ್ನಿನ ಬಗಲಲ್ಲಿ ಕೂತ ಬ್ಯಾಟರಿಯ ನೀರು ಹದಿನೈದು ದಿನಗಳಲ್ಲಿ ತಗಡಿನ ಮಟ್ಟಕ್ಕೆ ಇಳಿಯಬಹುದು. ಆಗ ಕೈಗೆ ಸಿಗುವುದು ಬೋರಿನ ನೀರು. ನಮ್ಮ ಜಿಲ್ಲೆಗಳ ಬೋರಿನ ನೀರಿನಲ್ಲಿ ಎಷ್ಟು ಸುಣ್ಣ, ಎಷ್ಟು ಸವುಳು ಇದೆ ಎಂಬುದಕ್ಕೆ ಚಹಾ ಕಾಯಿಸುವ ಪಾತ್ರೆಯ ತಳದ ಬಿಳಿ ಪದರವೇ ಸಾಕ್ಷಿ. ಅದೇ ಉಪ್ಪು ಬ್ಯಾಟರಿಯೊಳಗೂ ಸೇರುತ್ತದೆ, ಮತ್ತೆ ಹೊರಗೆ ಬರುವುದಿಲ್ಲ. ಡಿಸ್ಟಿಲ್ಡ್ ವಾಟರನ್ನೇ ಹಾಕಬೇಕು, ಚಾರ್ಜ್ ಆದ ಮೇಲೆ ಮಟ್ಟ ನೋಡಿ ಹಾಕಬೇಕು. ಸಾಂದ್ರತೆ ಕಡಿಮೆಯಿದೆಯೆಂದು ಆಮ್ಲ ಸುರಿಯಬಾರದು. ಆಮ್ಲ ಎಲ್ಲಿಗೂ ಹೋಗಿರುವುದಿಲ್ಲ, ಅದು ತಗಡಿನೊಳಗೆ ಇರುತ್ತದೆ, ಚಾರ್ಜ್ ಮಾಡಿದರೆ ನೀರಿಗೆ ವಾಪಸು ಬರುತ್ತದೆ. ಟರ್ಮಿನಲ್ಲಿನ ಹಸಿರು-ಬಿಳಿ ಹುಡಿಯನ್ನು ಅಡುಗೆ ಸೋಡ ಕಲಸಿದ ಬಿಸಿನೀರಿನಲ್ಲಿ ತೊಳೆಯುವಾಗಲೂ ಮುಚ್ಚಳಗಳು ಬಿಗಿಯಾಗಿರಲಿ, ಸೋಡ ಒಳಗೆ ಬೀಳಬಾರದು. ಸೆಲ್ಲಿನ ನೀರನ್ನು ನೋಡಲು ಬೆಂಕಿಕಡ್ಡಿ ಗೀರುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚಾರ್ಜ್ ಆಗುವ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಅದು ಸಿಡಿದರೆ ಮುಖಕ್ಕೆ ಹಾರುವುದು ಆಮ್ಲ.

ಸೆಲ್ಫಿನ ಎರಡು ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ಅಡ್ಡ ಹಿಡಿದು ನೆಲದ ಮೇಲೆ ನಿಂತೇ ಗಾಡಿ ಚಾಲೂ ಮಾಡುವ ರೂಢಿ ಇದಕ್ಕಿಂತಲೂ ಕೆಟ್ಟದ್ದು. ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಗೇರಿನಲ್ಲಿದ್ದ ಟ್ರ್ಯಾಕ್ಟರು ಚಾಲೂ ಆದ ಕೂಡಲೇ ಮುಂದಕ್ಕೆ ನುಗ್ಗುತ್ತದೆ, ಸರಿಯಲು ಹೊತ್ತು ಸಿಗುವುದಿಲ್ಲ. ಇಳಿಜಾರಿನಲ್ಲಿ ಕಲ್ಲು ಎಳೆಯುವುದೂ ಅದೇ ಜಾತಿಯ ಕೆಲಸ ಎಂದು ನನಗೆ ಆ ಮೇ ತಿಂಗಳ ಬೆಳಿಗ್ಗೆಯ ತನಕ ಅನ್ನಿಸಿರಲೇ ಇಲ್ಲ.

ಟ್ರ್ಯಾಕ್ಟರು ಈಗ ಬೇವಿನ ಮರದ ಕೆಳಗೆ, ಸಮನೆಲದ ಮೇಲೆ ನಿಲ್ಲುತ್ತದೆ. ಆ ವರ್ಷ ಕೆಸರು ಮಾಡುವ ಕೆಲಸ ಮುಗಿಯುವ ಹೊತ್ತಿಗೆ ಪಕ್ಕದ ಹೊಲದ ಕಾಕಾ ತಮ್ಮ ಗಾಡಿಯನ್ನು ಹಗ್ಗ ಕಟ್ಟಿ ಎಳೆಸಿಕೊಂಡು ನಮ್ಮ ಅಂಗಳಕ್ಕೆ ಬಂದರು. ಅವರದು ನಮ್ಮದಕ್ಕಿಂತ ಹಳೆಯದು, ಈಗಲೂ ಡೈನಮೊ ಇರುವ ಗಾಡಿ. ನೀರು ಹೊಕ್ಕು ಬಿಚ್ಚಿ ಒಣಗಿಸಿ ಮತ್ತೆ ಕೂರಿಸಿದ ಮೇಲೆ ಚಾರ್ಜ್ ಮಾಡುತ್ತಿಲ್ಲ ಎಂದರು. ನಾನು ಬಲ್ಬು ನೋಡಿದೆ, ಅರ್ಥ್ ನೋಡಿದೆ, ನನಗೆ ತಿಳಿದದ್ದು ಅಲ್ಲಿಗೆ ಮುಗಿಯಿತು. ಅಪ್ಪ ಬಂದು ಡೈನಮೊದ ಎರಡೂ ತಂತಿಗಳನ್ನು ಬಿಚ್ಚಿದರು. ಬ್ಯಾಟರಿಯ ಕರೆಂಟಿನ ತುದಿಯಿಂದ ಒಂದು ತುಂಡು ತಂತಿಯನ್ನು ತಂದು, ಎಫ್ ಎಂದು ಗುರುತಿರುವ ಚಿಕ್ಕ ಬೋಲ್ಟಿಗೆ ಒಮ್ಮೆ, ಎರಡು ಸಲ, ಕಣ್ಣು ಮಿಟುಕಿಸುವಷ್ಟು ಹೊತ್ತು ತಾಗಿಸಿದರು. ಸಣ್ಣ ನೀಲಿ ಕಿಡಿ ಹಾರಿತು. “ಒಳಗಿನ ಕಬ್ಬಣ ದಿಕ್ಕು ಮರ್ತಿರತೈತಿ, ನೆನಪು ಮಾಡಬೇಕು” ಎಂದರು. ಆಮೇಲೆ ಡೈನಮೊದ ಎರಡು ಬೋಲ್ಟುಗಳನ್ನು ಒಂದು ತಂತಿಯಿಂದ ಕೂಡಿಸಿ, ಆ ತಂತಿಗೂ ಮೈಗೂ ಮೀಟರ್ ಹಿಡಿ ಎಂದು ನನಗೆ ಹೇಳಿ, ಕಾಕಾನ ಗಾಡಿಯನ್ನು ಎಳೆದು ಚಾಲೂ ಮಾಡಿಸಿದರು. “ಮೆಲ್ಲಕ ರೇಸ್ ಕೊಡು ಕಾಕಾ, ಇಪ್ಪತ್ತು ದಾಟಬಾರದು” ಎಂದು ನಾನು ಕೂಗಿದೆ. ಮೀಟರಿನಲ್ಲಿ ಎರಡು ಇತ್ತು, ನಾಲ್ಕಾಯಿತು, ಒಂಬತ್ತಾಯಿತು. ಅಂಕಿಗಳನ್ನು ಒಂದೊಂದಾಗಿ ನಾನು ಹೇಳುತ್ತಾ ಹೋದೆ, ಅಪ್ಪ ಡೈನಮೊದ ಮೇಲೆ ಅಂಗೈ ಇಟ್ಟುಕೊಂಡು ಕೇಳುತ್ತಾ ನಿಂತಿದ್ದರು.